ಕೇಳಿದರೆ ಮಾತ್ರ ಹೇಳುವ ಅಂಪೈರ್

ಕಳೆದ ವಾರ ಬೆಳಗಿನ ಟ್ರೇನಿನಲ್ಲಿ ಒಂದು ಜಗಳವಾಯಿತು. ಹಿಂದಿನ ದಿನದ ಬೇಸ್‌ಬಾಲ್ ಆಟದಲ್ಲಿ ಚೆಂಡೂ ಓಡುವವನೂ ಫಸ್ಟ್ ಬೇಸಿಗೆ ಒಂದೇ ಕ್ಷಣದಲ್ಲಿ ಬಂದು ತಲುಪಿದರಂತೆ, ಅಂಪೈರ್ ಔಟ್ ಕೊಟ್ಟನಂತೆ. ಈಚೆಗೆ ನಮ್ಮ ಡಬ್ಬಿಯಲ್ಲಿ ಬರತೊಡಗಿರುವ ವಕೀಲನೊಬ್ಬ, "ಸಮಸಮ ಆದರೆ ರನ್ನರ್ ಸೇಫ್. ಇದು ಎಲ್ಲರಿಗೂ ಗೊತ್ತಿರೋ ವಿಷಯ" ಎಂದು ಕೂಗಾಡುತ್ತಿದ್ದ. ಅವನೆದುರು ಕೂತಿದ್ದ ಫ್ರಾಂಕ್ ತಲೆ ಅಲ್ಲಾಡಿಸಿ, "ನಿಯಮದ ಪುಸ್ತಕದಲ್ಲಿ ಹಾಗಂತ ಎಲ್ಲಿದೆ, ತೋರಿಸು" ಎಂದ.

ನನಗೆ ನಗು ಬಂತು, ಹಿಂದೆಯೇ ಸಂಕಟವೂ ಬಂತು. ಇದೇ ಫ್ರಾಂಕ್ ಐದು ವರ್ಷ ಇದೇ ಟ್ರೇನಿನಲ್ಲಿ ಆ ವಕೀಲನ ವಾದವನ್ನೇ ಮಾಡುತ್ತಿದ್ದವನು. ಪುಸ್ತಕ ತೋರಿಸು ಎನ್ನುತ್ತಿದ್ದವರು ಬೇರೆಯವರು. ನಾನೂ ಫ್ರಾಂಕೂ ಒಟ್ಟಿಗೆ ಕಿಟಕಿಯ ಪಕ್ಕದ ಸೀಟಿನ ಕಡೆ ತಿರುಗಿದೆವು. ಅಲ್ಲಿ ಯಾರೋ ಹೆಂಗಸು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು.

ಆ ಸೀಟಿನವರು ಈ ದೇಶ ಬಿಟ್ಟು ಹೋಗಿ ಎಂಟು ತಿಂಗಳಾಯಿತು. ಕೆಲಸ ಹೋಯಿತು, ಅರವತ್ತು ದಿನದೊಳಗೆ ಬೇರೆ ಕಂಪನಿ ಸಿಗದೆ ವೀಸಾ ಹೋಯಿತು. ಆ ಅರವತ್ತು ದಿನಗಳಲ್ಲಿ ವಾರಕ್ಕೆ ನಾಲ್ಕು ದಿನ ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ನಾನು ಒಂದೇ ಒಂದು ಮಾತು ಕೇಳಿದ್ದರೆ ಅವರು ಹೋಗಬೇಕಾಗುತ್ತಿರಲಿಲ್ಲವೇನೋ. ಈ ಬರಹಕ್ಕೆ ಅದೇ ಕಾರಣ. ಅವರ ಹೆಸರು ಬರೆಯುವುದಿಲ್ಲ, ಅವರಿಗೆ ಹಿಡಿಸುವುದಿಲ್ಲ. ಟ್ರೇನಿನವರೆಲ್ಲ ಅವರನ್ನು "ಅಂಪ್" ಎನ್ನುತ್ತಿದ್ದರು, ಅಂಪೈರ್ ಅನ್ನುವುದರ ಮೊಟಕು. ನಾನು ಮೈಸೂರಿನವಳು, "ಸಾರ್" ಎನ್ನುತ್ತಿದ್ದೆ. ಅವರು ಧಾರವಾಡದವರು, ನನ್ನನ್ನು "ಅಕ್ಕಾರ" ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರೇ.

ನಾವಿಬ್ಬರೂ ಮಾರಿಸ್‌ಟೌನಿನಲ್ಲಿ ಹತ್ತುತ್ತಿದ್ದೆವು. ಮ್ಯಾನ್‌ಹಟನ್‌ಗೆ ಒಂದು ಗಂಟೆಗೂ ಮೇಲಿನ ದಾರಿ. ಮುಂದಿನ ಸ್ಟೇಷನ್ನಿನಲ್ಲಿ ಫ್ರಾಂಕ್ ಹತ್ತುತ್ತಿದ್ದ. ಫ್ರಾಂಕ್ ಎಲೆಕ್ಟ್ರೀಷಿಯನ್, ಹುಟ್ಟಿದ್ದು ಮ್ಯಾನ್‌ಹಟನ್ ಪಕ್ಕದ ಕ್ವೀನ್ಸ್‌ನಲ್ಲಿ, ಅಲ್ಲಿನ ತಂಡ ಸೋತ ಮರುದಿನ ಅವನ ಹತ್ತಿರ ಯಾರೂ ಮಾತಾಡುವ ಹಾಗಿರಲಿಲ್ಲ. ನಮ್ಮವರು ಮಾತ್ರ ಅಂಥ ದಿನವೇ ಮಾತಿಗೆ ಶುರು ಮಾಡುತ್ತಿದ್ದರು. ನಿನ್ನೆ ಅಂಪೈರ್ ಕೊಟ್ಟ ತೀರ್ಪು ಅನ್ಯಾಯ ಎಂದು ಫ್ರಾಂಕ್ ಬಾಯಿ ತೆಗೆದ ಕೂಡಲೇ ಇವರು ಬ್ಯಾಗಿನ ಜಿಪ್ ಎಳೆದು, "ಬುಕ್ಕಿನಾಗ ಏನೈತಿ ನೋಡೂಣು" ಎನ್ನುವರು. ಫ್ರಾಂಕನಿಗೆ ಕನ್ನಡದಲ್ಲಿ ಬರುತ್ತಿದ್ದುದು ಆ ಒಂದೇ ವಾಕ್ಯ.

ಆ ಪುಸ್ತಕಕ್ಕೆ ಶಾಲೆಯ ಮಕ್ಕಳು ಹಾಕುವ ಹಾಗೆ ಖಾಕಿ ಕಾಗದದ ರಟ್ಟು ಹಾಕಿ, ಮೇಲೆ ಲೇಬಲ್ ಅಂಟಿಸಿದ್ದರು. ಲೇಬಲ್ಲಿನ ಮೇಲೆ ಹೆಸರಿಲ್ಲ, ತರಗತಿಯಿಲ್ಲ. "ನಿಯಮ" ಎಂದು ಕನ್ನಡದಲ್ಲಿ ಒಂದೇ ಪದ. ಒಳಗೆ ಪುಟಪುಟಕ್ಕೂ ಕೆಂಪು ಪೆನ್ಸಿಲ್ಲಿನ ಗೆರೆ. ನಿಯಮ ಓದಿದರೂ ಫ್ರಾಂಕ್ ಒಪ್ಪದಿದ್ದರೆ ಎರಡನೆಯ ಹಂತಕ್ಕೆ ಹೋಗುತ್ತಿದ್ದರು. ಸ್ಟೀಲ್ ಡಬ್ಬಿಯಿಂದ ಹುರಿದ ಶೇಂಗಾ ತೆಗೆದು, ತೊಡೆಯ ಮೇಲಿನ ಬ್ಯಾಗೇ ಮೈದಾನ ಎಂದು ಒಂಬತ್ತು ಜನ ಫೀಲ್ಡರುಗಳನ್ನು ನಿಲ್ಲಿಸಿ ಆಟ ಆಡಿ ತೋರಿಸುತ್ತಿದ್ದರು. ಸೋಲುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಫ್ರಾಂಕ್ ಒಬ್ಬ ಫೀಲ್ಡರನನ್ನು ಎತ್ತಿ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದ. ಆಟ ಅಲ್ಲಿಗೆ ರದ್ದು.

ನನಗೆ ಬೇಸ್‌ಬಾಲಿನ ಗಂಧಗಾಳಿ ಇರಲಿಲ್ಲ. ನನ್ನ ತಲೆಗೆ ಹತ್ತಿದ್ದು ಅವರ ಮೊದಲ ಆಟದ ಕತೆಯಿಂದ. ಹೊಸದಾಗಿ ಬಂದಿದ್ದಾಗ ಆಫೀಸಿನವರು ಅವರನ್ನು ಕ್ವೀನ್ಸ್‌ನ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋಗಿದ್ದರಂತೆ. ಮೊದಲನೆಯ ಬೇಸಿನಲ್ಲಿ ಚೆಂಡು ಬಂದು ಬಿದ್ದದ್ದೇ ತಡ, ಇವರು ಎದ್ದು ಎರಡೂ ಕೈ ಎತ್ತಿ "ಹೌಝ್ಯಾಟ್!" ಎಂದು ಕಿರುಚಿದ್ದಾರೆ. ಧಾರವಾಡದ ಕಾಲೇಜು ಮೈದಾನದಲ್ಲಿ ವಿಕೆಟ್ ಕೀಪರ್ ಆಗಿದ್ದವರ ಗಂಟಲು. ಸುತ್ತಲಿನ ಹತ್ತು ಸಾಲಿನ ಜನ ತಿರುಗಿ ನೋಡಿದರಂತೆ. ಪಕ್ಕದವನು, "ಇಲ್ಲಿ ಅಂಪೈರ್‌ನ ಕೇಳಬೇಕಾಗಿಲ್ಲ, ಅವನೇ ಹೇಳುತ್ತಾನೆ" ಎಂದು ಸಮಾಧಾನ ಮಾಡಿದನಂತೆ.

"ನನಗ ಭಾಳ ಅವಮಾನ ಆತ್ರೀ ಅಕ್ಕಾರ," ಎನ್ನುತ್ತಿದ್ದರು. "ಅಂಪೈರ್ ತಾನ ತಾನಾಗಿ ಬಾಯಿ ಹಾಕೂದು ಅಂದ್ರ ಅದೆಂಥಾ ಆಟ? ನಮ್ಮ ಕ್ರಿಕೆಟ್ಟಿನಾಗ ಬ್ಯಾಟಿಗೆ ತಾಗಿದ್ದು ಕಣ್ಣಿಗೆ ಕಂಡಿದ್ರೂ, ಯಾರೂ ಕೇಳಲಿಲ್ಲಂದ್ರ ಅಂಪೈರ್ ಸುಮ್ಮ ನಿಂತಿರತಾನ. ಅದು ಮರ್ಯಾದಿ."

ಆ ಅವಮಾನ ತೀರಿಸಿಕೊಳ್ಳಲಿಕ್ಕೇ ನಿಯಮದ ಪುಸ್ತಕ ಕೊಂಡದ್ದು. ಮೊದಲ ಸಲ ಓದುವಾಗಲೇ ಅವರಿಗೆ ನಿಧಿ ಸಿಕ್ಕಿತು. ಬೇಸ್‌ಬಾಲಿನಲ್ಲೂ ಅಂಪೈರ್ ಕೇಳದೆ ಹೇಳಬಾರದ ಸಂಗತಿಗಳು ಕೆಲವಿವೆ. ಮೈದಾನದ ನಾಲ್ಕು ಮೂಲೆಯ ನಾಲ್ಕು ಬೇಸುಗಳನ್ನೂ ಓಡುವವರು ಮುಟ್ಟಿಕೊಂಡೇ ಹೋಗಬೇಕು. ಒಂದನ್ನು ಮುಟ್ಟದೆ ಹಾರಿ ಹೋದರೆ ಅಂಪೈರ್ ಅದನ್ನು ಕಂಡಿದ್ದರೂ ಹೇಳುವ ಹಾಗಿಲ್ಲ. ಎದುರು ತಂಡದವರು ಅಪೀಲ್ ಮಾಡಬೇಕು, ಅದೂ ಮುಂದಿನ ಚೆಂಡು ಎಸೆಯುವ ಮೊದಲು. ಅದೇ ಆಟದ ಕೊನೆಯಾಗಿದ್ದರೆ, ಫೀಲ್ಡರುಗಳು ಮೈದಾನ ಬಿಡುವ ಮೊದಲು. ಆಮೇಲೆ ಕೇಳಿದರೆ ಏನೂ ಪ್ರಯೋಜನವಿಲ್ಲ. ಈ ನಿಯಮದ ಕೆಳಗೆ ಮಾತ್ರ ಅವರು ಎರಡೆರಡು ಗೆರೆ ಎಳೆದಿದ್ದರು.

ಮೂರು ವರ್ಷ ಅವರು ನಮ್ಮ ಊರಿನ ಮಕ್ಕಳ ಲೀಗಿನಲ್ಲಿ ಶನಿವಾರ ಶನಿವಾರ ಅಂಪೈರ್ ಆಗಿದ್ದರು. ಉಳಿದ ಅಂಪೈರುಗಳಿಗೆ ಆಟ ಮುಗಿದ ಮೇಲೆ ಒಂದು ಹಣದ ಕವರ್ ಕೊಡುತ್ತಿದ್ದರು, ಇವರು ಅದನ್ನು ಮುಟ್ಟುತ್ತಿರಲಿಲ್ಲ. ವೀಸಾ ಕೊಡಿಸಿದ್ದ ಬ್ಯಾಂಕಿನ ಸಂಬಳ ಬಿಟ್ಟು ಬೇರೆ ಎಲ್ಲಿ ಏನು ತೆಗೆದುಕೊಂಡರೂ ವೀಸಾಕ್ಕೆ ಕುತ್ತು. ಹನ್ನೊಂದು ವರ್ಷದಿಂದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರು. ಒಂದು ನೀರಿನ ಬಾಟಲಿ ತೆಗೆದುಕೊಳ್ಳಬಹುದೇ ಎಂದು ಕೂಡ ವಕೀಲರನ್ನು ಕೇಳಿದ್ದರಂತೆ. ನಾನು ಬಿದ್ದು ಬಿದ್ದು ನಕ್ಕಿದ್ದೆ. ನನಗೆ ಸಿಟಿಜನ್‌ಶಿಪ್ ಬಂದು ಕಾಲವಾಗಿತ್ತು, ನಗುವುದು ಸುಲಭ.

ಹೋದ ವರ್ಷ ಜೂನಿನಲ್ಲಿ ಲೀಗಿನ ಒಂದು ಮುಖ್ಯ ಆಟ. ಕೊನೆಯ ಓಟದಲ್ಲಿ ಒಬ್ಬಳು ಹುಡುಗಿ ಮೂರನೆಯ ಬೇಸನ್ನು ಗೇಣು ದೂರದಿಂದ ದಾಟಿ ಓಡಿಬಂದು ಕೊನೆಯ ಬೇಸಾದ ಹೋಮ್ ಪ್ಲೇಟ್ ಮುಟ್ಟಿದಳು. ಅವಳ ತಂಡ ಗೆದ್ದಿತು, ಕುಣಿದಾಡಿದರು. ಸೋತ ತಂಡದ ಮಕ್ಕಳು ಅಳುತ್ತ ಹೊರಗೆ ಹೋದರು. ಮರುದಿನ ಯಾರದೋ ಅಪ್ಪನ ಫೋನಿನ ವಿಡಿಯೋ ಎಲ್ಲ ಕಡೆ ಓಡಾಡಿತು. ಬೇಸ್ ಮುಟ್ಟಿಲ್ಲ, ಸ್ಪಷ್ಟವಾಗಿ ಕಾಣುತ್ತದೆ. ಸೋತ ತಂಡದ ಕೋಚ್ ಇವರಿಗೆ ಫೋನ್ ಮಾಡಿ, ನೀನು ನೋಡಲಿಲ್ಲವೇ ಎಂದು ಕೇಳಿದ. ಇವರು ಇದ್ದದ್ದು ಇದ್ದ ಹಾಗೆ, "ನೋಡಿದೆ. ನೀವು ಕೇಳಲಿಲ್ಲ" ಎಂದುಬಿಟ್ಟರು.

ಸೋಮವಾರ ಟ್ರೇನಿನಲ್ಲಿ ನಮ್ಮಿಬ್ಬರಿಗೆ ದೊಡ್ಡ ವಾದವೇ ಆಯಿತು. ಫ್ರಾಂಕ್ ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಪಕ್ಷ ವಹಿಸಿದ್ದ. ನನಗೆ ಮಾತ್ರ ಮೈಯೆಲ್ಲ ಉರಿದಿತ್ತು.

"ಅಲ್ಲ ಸಾರ್, ಮಕ್ಕಳ ಆಟ. ಕಣ್ಣಾರೆ ಕಂಡಿದ್ದೀರಿ, ಬಾಯಿ ಬಿಟ್ಟು ಹೇಳೋಕೇನು? ಕಂಡೂ ಸುಮ್ಮನಿರೋದು ಸುಳ್ಳು ಹೇಳಿದ ಹಾಗೇ ಅಲ್ವಾ?"

"ಕೇಳಿದ್ರ ಹೇಳತಿದ್ನ್ರೀ. ಕೇಳದನ ಹೇಳಿದ್ರ ನಾ ಒಂದು ಪಾರ್ಟಿ ಕಡೆ ಆಡಿದಂಗ ಆತು."

"ಅವರಿಗೆ ಕೇಳಬೇಕು ಅಂತ ಗೊತ್ತಿರಲಿಲ್ಲವಲ್ಲ!"

"ನಾ ಹೇಳಾಕ ತಯಾರ ಇದ್ನ್ರೀ ಅಕ್ಕಾರ. ಆಟ ಮುಗದಿತ್ತು, ಆದ್ರೂ ಬ್ರಷ್ ತಗದು ಹೋಮ್ ಪ್ಲೇಟ್ ಒರಸಕೋತ ಕುಂತೆ. ಮಣ್ಣ ಇರಲಿಲ್ಲ ಅಲ್ಲಿ. ಯಾರರ ಬಂದು ಕೇಳಲಿ, ಯಾರರ ಕೇಳಲಿ ಅಂತ ಒರಸಿದ್ದನ್ನ ಒರಸಿದೆ. ಒಬ್ಬೊಬ್ಬರ ಹೊರಗ ಹೋಗಿಬಿಟ್ರು."

ಈ ಮಾತು ನನಗೆ ಆಗ ತಮಾಷೆಯಾಗಿ ಕಂಡಿತ್ತು. ಮನೆಗೆ ಹೋಗಿ ಗಂಡನಿಗೆ ಅಭಿನಯಿಸಿ ತೋರಿಸಿದ್ದೆ. ವಾರ ಕಳೆಯುವುದರೊಳಗೆ ಲೀಗಿನಿಂದ ವಿನಯದ ಇಮೇಲ್ ಬಂತು, ಈ ವರ್ಷ ಅಂಪೈರುಗಳು ಸಾಕಷ್ಟಿದ್ದಾರೆ ಎಂದು. ಅವರು ಮುಖವಾಡ, ಎದೆಕವಚಗಳನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡೇ ಶನಿವಾರಗಳಂದು ಹೋಗಿ ನೋಡುವವರ ಜೊತೆ ಕೂತು ಬರುತ್ತಿದ್ದರು.

ಇನ್ನು ಹೇಳಲು ಕಷ್ಟವಾಗುವ ಭಾಗ. ನನ್ನ ಕಣ್ಣಿಗೆ ಬೀಳದ್ದು ಏನೂ ಇಲ್ಲ ಎಂದು ನಮ್ಮ ಮನೆಯಲ್ಲಿ ಪ್ರಸಿದ್ಧಿ. ಯಾರ ಮನೆಯಲ್ಲಿ ಯಾವ ಸೋಫಾ ಜಾಗ ಬದಲಾಯಿಸಿದೆ ಎಂದು ಬಾಗಿಲಲ್ಲೇ ಹೇಳುತ್ತೇನೆ. ಹಾಗಾಗಿ ಆಗಸ್ಟ್ ಕೊನೆಯಲ್ಲಿ ಒಂದು ದಿನ ಅವರ ಬೆಲ್ಟಿನಲ್ಲಿ ಬ್ಯಾಂಕಿನ ಐಡಿ ಕಾರ್ಡ್ ಇಲ್ಲದ್ದು ಅವರು ಪ್ಲಾಟ್‌ಫಾರ್ಮಿಗೆ ಬಂದ ಕ್ಷಣವೇ ಕಂಡಿತು. ಐದು ವರ್ಷದಲ್ಲಿ ಒಂದು ದಿನವೂ ಅದು ತಪ್ಪಿರಲಿಲ್ಲ. ಮರುದಿನವೂ ಇರಲಿಲ್ಲ. ಆ ವಾರವೆಲ್ಲ ಇರಲಿಲ್ಲ. ದೊಡ್ಡ ಬ್ಯಾಂಕುಗಳಲ್ಲಿ ಜನರನ್ನು ತೆಗೆಯುತ್ತಿದ್ದಾರೆ ಎಂಬ ಸುದ್ದಿಯನ್ನು ನಾನೂ ಓದಿದ್ದೆ.

ಆದರೂ ಕೇಳಲಿಲ್ಲ. ಊರಿನಲ್ಲಿ ನಮ್ಮ ಜನ ಕೇಳಿ ಕೇಳಿ ಜೀವ ಹಿಂಡುತ್ತಾರೆ. ಸಂಬಳ ಎಷ್ಟು, ಮಕ್ಕಳು ಯಾಕಾಗಿಲ್ಲ, ಮನೆ ಯಾವಾಗ ಕೊಳ್ಳುತ್ತೀರಿ. ಅದರಿಂದ ರೋಸಿಹೋದವಳು ನಾನು. ಈ ದೇಶಕ್ಕೆ ಬಂದು ಕಲಿತ ದೊಡ್ಡ ನಾಗರಿಕತೆ ಎಂದರೆ ಇನ್ನೊಬ್ಬರ ವಿಷಯ ಕೇಳದಿರುವುದು ಎಂದು ಹೆಮ್ಮೆ ಪಡುತ್ತಿದ್ದೆ. ಹೇಳುವ ಮನಸ್ಸಾದಾಗ ಹೇಳುತ್ತಾರೆ ಬಿಡು ಎಂದುಕೊಂಡೆ. ಬೆಲ್ಟಿನ ಕಡೆ ನೋಡದ ಹಾಗೆ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ.

ಆ ದಿನಗಳಲ್ಲೇ ನನ್ನ ಆಫೀಸಿನಲ್ಲಿ ಒಂದು ಜಾಗ ಖಾಲಿಯಿತ್ತು. ನಾನು ಒಂದು ಇನ್ಶೂರೆನ್ಸ್ ಕಂಪನಿಯ ಡೇಟಾಬೇಸ್ ವಿಭಾಗ ನೋಡಿಕೊಳ್ಳುತ್ತೇನೆ, ಅವರು ಇಪ್ಪತ್ತೈದು ವರ್ಷ ಮಾಡಿದ್ದೂ ಅದೇ ಕೆಲಸ. ವೀಸಾದ ಅರ್ಜಿ ಹಾಕಿಕೊಡುವುದು ನಮ್ಮ ಕಂಪನಿಗೆ ಹೊಸದಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಬೆಳಿಗ್ಗೆ, ಅವರ ಪಕ್ಕದಲ್ಲೇ ಕೂತು ಗೋಳು ಹೇಳಿಕೊಂಡೆ.

"ಆರು ವಾರದಿಂದ ಇಂಟರ್‌ವ್ಯೂ ಮಾಡಿ ಮಾಡಿ ಸಾಕಾಯ್ತು ಸಾರ್. ಎಲ್ಲಾ ಗೊತ್ತು ಅಂತಾರೆ, ಒಂದು ಕ್ವೆರಿ ಬರೀರಿ ಅಂದ್ರೆ ಕಣ್ ಕಣ್ ಬಿಡ್ತಾರೆ."

ಅವರು ಡಬ್ಬಿಯ ಮುಚ್ಚಳ ತೆಗೆದು ಮುಚ್ಚಿ, "ಎಂಥವರು ಬೇಕ್ರೀ ನಿಮಗ?" ಎಂದು ಕೇಳಿದರು.

"ನಿಮ್ಮಂಥವರು ಬೇಕು," ಎಂದೆ ನಾನು. "ನಿಮ್ಮ ಬ್ಯಾಂಕು ಬಿಡಬೇಕಲ್ಲ!" ಎಂದು ಸೇರಿಸಿ ನಕ್ಕೆ.

ಆ ನಗುವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಅದು ಅರ್ಧ ಬೇಕೆಂದೇ ಆಡಿದ ಮಾತು. ಕೆಲಸ ಹೋಗಿದ್ದರೆ ಈಗ ಹೇಳಲಿ, ನಾನಂತೂ ಬಾಗಿಲು ತೆರೆದಿದ್ದೇನೆ ಎಂದು ಮನಸ್ಸಿನಲ್ಲಿ ಬೀಗಿದ್ದೆ. ಅವರು, "ಸಿಗತಾರ ಬಿಡ್ರಿ, ಒಳ್ಳೆಯವರು ಇದ್ದಾರ" ಎಂದರು. ಫ್ರಾಂಕ್ ನಮ್ಮಿಬ್ಬರನ್ನೂ ಒಮ್ಮೆ ನೋಡಿ ಪೇಪರ್ ಮಡಚಿದ. ನಾವು ಆಡಿದ್ದು ಕನ್ನಡದಲ್ಲಿ, ಅವನಿಗೆ ತಿಳಿದಿರಲಿಕ್ಕಿಲ್ಲ.

ಅವತ್ತು ಮ್ಯಾನ್‌ಹಟನ್ನಿನ ಪೆನ್ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಅವರು ಹೊರಡಲಿಲ್ಲ. ಸಾಮಾನ್ಯವಾಗಿ ಟ್ರೇನು ನಿಲ್ಲುವ ಮೊದಲೇ ಬಾಗಿಲ ಬಳಿ ನಿಂತಿದ್ದು ಓಟ ಕೀಳುವವರು. ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ, ಕನ್ನಡಕ ತೆಗೆದು, ಶರ್ಟಿನ ಅಂಚಿನಿಂದ ಒರೆಸುತ್ತ ನಿಂತರು. ಮರುದಿನವೂ ಅಷ್ಟೆ. ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸುವುದು. ನನಗೆ ಮೀಟಿಂಗ್ ಇರುತ್ತಿತ್ತು. "ಬರ್ತೀನಿ ಸಾರ್" ಎಂದು ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನಿಂದ ಒಮ್ಮೆ ತಿರುಗಿ ನೋಡಿದಾಗಲೂ ಅವರು ಒರೆಸುತ್ತಲೇ ಇದ್ದರು.

ಅಕ್ಟೋಬರ್ ಮೊದಲ ವಾರ, ಪರವಾಗಿಲ್ಲ ಎನ್ನಿಸಿದ ಒಬ್ಬನನ್ನು ಆ ಜಾಗಕ್ಕೆ ತೆಗೆದುಕೊಂಡೆ. ಅದನ್ನೂ ಟ್ರೇನಿನಲ್ಲಿ ಹೇಳಿದೆ. "ಛಲೋ ಆತ್ರೀ ಅಕ್ಕಾರ, ನಿಮ್ಮ ತಲೀಬ್ಯಾನಿ ತಪ್ಪಿತು" ಎಂದು ಡಬ್ಬಿ ಮುಂದೆ ಹಿಡಿದರು. ನಾನು ಶೇಂಗಾ ತಿಂದೆ. ಆಮೇಲೆ ಮೂರು ವಾರ ಅವರು ಬಂದರು, ಫ್ರಾಂಕನ ಜೊತೆ ಫೈನಲ್ಸಿನ ತೀರ್ಪುಗಳನ್ನೆಲ್ಲ ಜಗ್ಗಾಡಿದರು. ಆಮೇಲೆ ಬರಲಿಲ್ಲ.

ರಜೆ ಇರಬೇಕು ಎಂದುಕೊಂಡೆ. ಎರಡನೆಯ ವಾರ ಫ್ರಾಂಕನನ್ನು, "ನಮ್ಮ ಅಂಪ್ ಎಲ್ಲಿ?" ಎಂದೆ.

ಅವನು ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ಹೋದ ಶುಕ್ರವಾರ ಹೊರಟ. ಗಂಡ ಹೆಂಡತಿ ಇಬ್ಬರೂ. ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿದೆ. ಆಗಸ್ಟಿನಲ್ಲೇ ಅವನ ಕೆಲಸ ಹೋಗಿತ್ತು. ದಿನಾ ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕುತ್ತಿದ್ದ."

"ನಿನಗೆ ಹೇಗೆ ಗೊತ್ತು?"

"ಕಾರ್ಡ್ ಇಲ್ಲದ್ದು ಕಂಡಿತು. ಎಲ್ಲಿ ಅಂತ ಕೇಳಿದೆ. ಕೇಳಿದ ತಕ್ಷಣ ಎಲ್ಲಾ ಹೇಳಿದ."

"ನನಗೆ ಒಂದು ಮಾತು ಹೇಳಬಾರದಿತ್ತಾ ಫ್ರಾಂಕ್?"

"ನಿನ್ನ ಕಂಪನಿಯಲ್ಲಿ ಜಾಗ ಇದೆ ಅಂತ ಅವನೇ ಹೇಳಿದ. ಹೋಗಿ ಕೇಳು ಮಾರಾಯ ಅಂತ ಬೈದೆ. ಕೇಳುವುದಿಲ್ಲ ಅಂದ. ತಾನು ಬಾಯಿಬಿಟ್ಟರೆ ನಿನಗೆ ಇಲ್ಲ ಅನ್ನಲಿಕ್ಕಾಗುವುದಿಲ್ಲ, ಅದು ಸರಿಯಲ್ಲ ಅಂದ. ಅವಳು ಎಲ್ಲಾ ನೋಡುವವಳು, ಅವಳೇ ಕೇಳುತ್ತಾಳೆ, ಅಲ್ಲಿಯವರೆಗೆ ನೀನೂ ಸುಮ್ಮನಿರು ಅಂತ ನನ್ನ ಕೈಹಿಡಿದು ಮಾತು ತೆಗೆದುಕೊಂಡ." ಫ್ರಾಂಕ್ ಕ್ಯಾಪ್ ಸರಿ ಮಾಡಿಕೊಂಡ. "ನೀನು ಕೇಳಲೇ ಇಲ್ಲ."

ಆ ದಿನ ನಾನು ಆಫೀಸಿಗೆ ಹೋಗಲಿಲ್ಲ. ಪ್ಲಾಟ್‌ಫಾರ್ಮಿನ ಅದೇ ಕಂಬದ ಹತ್ತಿರ ನಿಂತು ವಾಪಸು ಟ್ರೇನು ಹಿಡಿದೆ. ಕಂಡೂ ಸುಮ್ಮನಿರುವುದು ಸುಳ್ಳಲ್ಲವೇ ಎಂದು ಅವರಿಗೆ ಪಾಠ ಹೇಳಿದವಳು ನಾನು. ಅಷ್ಟೂ ದಿನ ನನ್ನನ್ನು ನಾನು ಅಂಪೈರ್ ಎಂದುಕೊಂಡಿದ್ದೆ. ಆ ಆಟದಲ್ಲಿ ಕೇಳಬೇಕಾಗಿದ್ದವಳು ನಾನೇ, ಅವರು ಪ್ಲೇಟ್ ಒರೆಸುತ್ತ ಕಾದದ್ದು ನನಗಾಗಿ.

ನಾಚಿಕೆಯಿಂದ ಎಂಟು ತಿಂಗಳು ಫೋನ್ ಮಾಡಲಿಲ್ಲ. ಕಳೆದ ವಾರದ ಜಗಳ ಒಂದು ನೆಪವಾಯಿತು. ಭಾನುವಾರ ಬೆಳಿಗ್ಗೆ ಕರೆ ಮಾಡಿದೆ. ಎತ್ತಿದ ಕೂಡಲೇ, "ಅಕ್ಕಾರ! ಆರಾಮ್ ಇದ್ದೀರೇನ್ರೀ?" ಎಂದರು. ದನಿ ಹಾಗೇ ಇತ್ತು. ಧಾರವಾಡದಲ್ಲಿ ಬಾಡಿಗೆ ಮನೆ ಮಾಡಿದ್ದಾರೆ, ಮನೆಯಿಂದಲೇ ಏನೋ ಸಣ್ಣಪುಟ್ಟ ಕೆಲಸ. ಈ ವಯಸ್ಸಿನಲ್ಲಿ ಯಾರೂ ಹೊಸದಾಗಿ ತೆಗೆದುಕೊಳ್ಳುವುದಿಲ್ಲವಂತೆ. ಮಗಳು ಮಾತ್ರ ಈ ದೇಶದಲ್ಲೇ ಉಳಿದು, ಕಾಲೇಜಿನಲ್ಲಿ ಸ್ಟೂಡೆಂಟ್ ವೀಸಾಕ್ಕೆ ಬದಲಾಗಿದ್ದಾಳೆ. ಅವಳು ಧಾರವಾಡಕ್ಕೆ ಹೋದರೆ ತಿರುಗಿ ಬರಲು ವೀಸಾ ಸ್ಟಾಂಪ್ ಸಿಗುವ ಭರವಸೆಯಿಲ್ಲ, ಇವರು ಬರಲು ವೀಸಾ ಇಲ್ಲ. "ಮುಖ ನೋಡಿ ಎಂಟು ತಿಂಗಳಾತು," ಎಂದರು. "ಫೋನಿನಾಗ ನೋಡತೀವಿ. ಅವರವ್ವ ದಿನಾ ಅಳತಾಳ."

ನಾನು ಮಾತು ತಪ್ಪಿಸಲು ಟ್ರೇನಿನ ಜಗಳ ಹೇಳಿದೆ. ಚೆಂಡು ಎಲ್ಲಿತ್ತು, ಕಾಲು ಎಲ್ಲಿತ್ತು, ವಿಡಿಯೋ ನೋಡಿ ಏನು ಹೇಳಿದರು, ಎಲ್ಲ ಕೇಳಿ ತಿಳಿದುಕೊಂಡರು. ನಾನು ಗಟ್ಟಿ ಮನಸ್ಸು ಮಾಡಿದೆ.

"ಸಾರ್, ಆವತ್ತು ನಿಮ್ಮ ಕಾರ್ಡ್ ಇಲ್ಲದ್ದು ನಾನು ನೋಡಿದ್ದೆ. ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳ್ತಾ ಇದೀನಿ. ನಾನು ಕೇಳಿದ್ರೆ ನಮ್ಮಲ್ಲಿಗೆ ಬರ್ತಿದ್ರಾ?"

ಫೋನಿನಲ್ಲಿ ಬಟ್ಟೆ ಉಜ್ಜಿದಂಥ ಸಣ್ಣ ಸದ್ದು ಕೇಳಿಸಿತು. ಕನ್ನಡಕ ಒರೆಸುತ್ತಿದ್ದಾರೇನೋ ಅನ್ನಿಸಿತು.

"ಎಲ್ಲಾರೂ ಮೈದಾನ ಬಿಟ್ಟು ಹೋದ ಮ್ಯಾಲ ಅಪೀಲ್ ತಗೊಳ್ಳಾಕ ಬರೂದಿಲ್ರೀ ಅಕ್ಕಾರ," ಎಂದರು. ಸಿಟ್ಟಿರಲಿಲ್ಲ. ಫ್ರಾಂಕನಿಗೆ ನಿಯಮ ಓದಿ ಹೇಳುವಾಗಿನ ದನಿ.

ನಾನು ಅಳುತ್ತಿದ್ದುದು ಅವರಿಗೆ ಕೇಳಿಸಿರಬೇಕು. ಫೋನ್ ಇಡುವ ಮುಂಚೆ ಮೆತ್ತಗೆ ಇನ್ನೊಂದು ಮಾತು ಹೇಳಿದರು. "ಫ್ರಾಂಕಗ ಹೇಳ್ರಿ, ಅಂಪೈರ್ ಕೊಟ್ಟದ್ದು ಬರೋಬರಿ ಐತಿ. ಔಟ್."